ಬಯ್ಯಪ್ಪ ಮೇಷ್ಟ್ರು ಓದದ ಪುಸ್ತಕ

ಶಿಡ್ಲಘಟ್ಟದ ಲೈಬ್ರರಿಯಲ್ಲಿ ತಿಂಗಳಿಗೊಂದು ಭಾನುವಾರ ಸೇರುವ ಓದುಗರ ಬಳಗಕ್ಕೆ ಬಯ್ಯಪ್ಪ ಮೇಷ್ಟ್ರೇ ಯಜಮಾನರಿದ್ದಂತೆ. ಮೇಲೂರಿನವರು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ನಾಯಕತ್ವದ ಬಗ್ಗೆ, ಬಾಳು ತಿದ್ದಿಕೊಳ್ಳುವ ಬಗ್ಗೆ ಯಾವ ಪುಸ್ತಕ ಓದಬೇಕು, ಯಾವುದರ ಮೇಲೆ ಚರ್ಚೆಯಾಗಬೇಕು ಎಂದು ಅವರು ಹೇಳಿದರೆ ಮುಗಿಯಿತು. ಅದೆಲ್ಲ ಮುಸರ್ರತ್ ಬರುವ ತನಕ.

ಮುಸರ್ರತ್ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಒಂದು ಕಾಲಕ್ಕೆ ಮೇಷ್ಟ್ರ ಶಿಷ್ಯೆಯೇ. ಅವಳು ಒಂದು ಪುಸ್ತಕ ಚೆನ್ನಾಗಿದೆ ಎಂದರೆ ಜನ ಅದಕ್ಕೆ ಮುಗಿಬೀಳುತ್ತಿದ್ದರು. ಮೇಷ್ಟ್ರು ಹೇಳಿದ್ದಕ್ಕೆ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಮನೆಯಲ್ಲಿ ಉರ್ದು ಮಾತಾಡುವ ಹುಡುಗಿಯ ಕನ್ನಡ ತಿದ್ದಿದ್ದು ಯಾರು? ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಮೇಷ್ಟ್ರು ಒಳಗೊಳಗೇ ಅದಕ್ಕೆ ಬೇರೆ ಹೆಸರನ್ನೂ ಇಟ್ಟುಕೊಳ್ಳಲಿಲ್ಲ.

ವರ್ಷದ ಕೊನೆಯ ಸಭೆಯಲ್ಲಿ ಮುಂದಿನ ವರ್ಷಕ್ಕೆ ಪುಸ್ತಕ ಆರಿಸುವ ಹೊಣೆ ಯಾರದೆಂದು ತೀರ್ಮಾನವಾಗಬೇಕಿತ್ತು. ಅಂದು ಮುಸರ್ರತ್ 'ಆಳು' ಎಂಬ ಪುಸ್ತಕದ ಮೇಲೆ ಮಾತಾಡುತ್ತಾಳೆಂದು ಸುದ್ದಿ ಬಂತು. ಲೈಬ್ರರಿಯಲ್ಲಿದ್ದದ್ದು ಒಂದೇ ಪ್ರತಿ. ಮೇಷ್ಟ್ರು ಮೊದಲೇ ಹೋಗಿ ಅದನ್ನು ತಂದು ಬೀರುವಿನಲ್ಲಿ ಪಂಚೆಗಳ ಕೆಳಗೆ ತುರುಕಿಬಿಟ್ಟರು. ಓದಲಿಲ್ಲ. ಅವಳು ಮೆಚ್ಚಿದ್ದನ್ನು ತಾವು ಓದುವುದೇ?

ಸಭೆಯಲ್ಲಿ ಮುಸರ್ರತ್ ಎದ್ದು ನಿಂತಳು.

"ನಾನು ಒಂದ್ಸಲ ಓದಿದ್ದೆ. ಇನ್ನೊಂದ್ಸಲ ನೋಡ್ಕೊಳ್ಳಣ ಅಂತ ಬಂದ್ರೆ ಸರ್ ತಗೊಂಡು ಹೋಗಿದ್ರು. ಒಳ್ಳೇದೇ ಆಯ್ತು, ಸರ್ ಅವರೇ ಮಾತಾಡ್ಲಿ."

ಮೇಷ್ಟ್ರು ಅದರ ಒಂದು ಪುಟವನ್ನೂ ತಿರುವಿರಲಿಲ್ಲ. ಆದರೂ ಬಿಡುವ ಆಸಾಮಿಯಲ್ಲ. ಆಳುವವನಿಗಿರಬೇಕಾದ ಗತ್ತು, ಕೈಕೆಳಗಿನವರನ್ನು ಹದ್ದುಬಸ್ತಿನಲ್ಲಿಡುವ ಬಗೆ ಎಂದು ಪುಸ್ತಕದ ಹೆಸರೊಂದನ್ನೇ ಹಿಡಿದು ಎಳೆದರು. ಮುಗಿಸುತ್ತಲೇ ಲೈಬ್ರರಿಯ ನಲ್ಲಪ್ಪ ತಲೆ ಕೆರೆದುಕೊಂಡ.

"ಅಲ್ಲ ಮೇಷ್ಟ್ರೇ, ನಾನೂ ನಾಕು ಪುಟ ತಿರುವಿದ್ದೆ. ಅದು ಕೂಲಿ ಆಳಿನ ಕತೆ ಅಲ್ವಾ?"

ಯಾರೋ ಕಿಸಕ್ಕೆಂದರು.

"ಎರಡೂ ಸರೀನೇ ನಲ್ಲಪ್ಪಣ್ಣ," ಎಂದಳು ಮುಸರ್ರತ್. "ಆಳು ಅಂದ್ರೆ ನಾಮಪದಾನೂ ಹೌದು, ಕ್ರಿಯಾಪದಾನೂ ಹೌದು ಅಂತ ಕ್ಲಾಸಲ್ಲಿ ಸರ್ ಹೇಳ್ಕೊಟ್ಟಿದ್ರು. ಅವರು ಕ್ರಿಯಾಪದ ಹೇಳಿದ್ರು, ನಾನು ನಾಮಪದ ಹೇಳ್ತೀನಿ."

ಕೂಲಿಯವರ ಜೊತೆ ತಾನೂ ಮಣ್ಣು ಹೊತ್ತು ಕೆರೆಯ ಹೂಳು ತೆಗೆಸಿದ ಮೇಸ್ತ್ರಿಯ ಕತೆಯನ್ನು ಅವಳು ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಪುಸ್ತಕ ಆರಿಸುವ ಹೊಣೆ ಯಾರಿಗೆಂದು ನಲ್ಲಪ್ಪ ಕೇಳಿದಾಗ ಎಲ್ಲರೂ ಮೇಷ್ಟ್ರ ಮುಖ ನೋಡಿದರು.

"ಮುಸರ್ರತ್‌ಗೇ ಕೊಡಿ," ಎಂದರು ಮೇಷ್ಟ್ರು. ಬೇರೆ ಹೇಳುವುದಕ್ಕೆ ಬಾಯಾದರೂ ಎಲ್ಲಿತ್ತು?

ಮೇಲೂರಿನ ಬಸ್ಸಿನಲ್ಲಿ ಕೂತು ಎಷ್ಟು ಯೋಚಿಸಿದರೂ ಆ ಪಾಠ ಮಾಡಿದ್ದು ಅವರಿಗೆ ನೆನಪಾಗಲಿಲ್ಲ. ನಿಜವಾಗಿ ಮಾಡಿದ್ದರೋ, ಅವಳೇ ಕಟ್ಟಿ ಹೇಳಿದಳೋ. ಸೋತದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಅವಳು ತಮ್ಮ ಮಾನ ಉಳಿಸಿದ್ದನ್ನು ಮಾತ್ರ ಬಯ್ಯಪ್ಪ ಮೇಷ್ಟ್ರಿಗೆ ಸಹಿಸಲಾಗಲಿಲ್ಲ.