ಮಾರ್ಚ್‌ನಲ್ಲಿ ನೋಡಿದ ಗುಡ್ಡ

1996ನೇ ಇಸವಿ. ಮೈಸೂರಿನ ಒಂದು ಮಹಿಳಾ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿಯಾಗಿ ನನಗೆ ಹದಿನೆಂಟು ವರ್ಷ ತುಂಬಿತ್ತು. ಪಾಠದ ಜೊತೆಗೆ ಹರ್ಬೇರಿಯಂ ಕೂಡ ನನ್ನ ಸುಪರ್ದಿಯಲ್ಲಿತ್ತು. ಗಿಡಗಳನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಹೆಸರು, ಊರು, ದಿನ ಬರೆದಿಡುವ ಸಂಗ್ರಹಕ್ಕೆ ಹರ್ಬೇರಿಯಂ ಎನ್ನುತ್ತೇವೆ. ಇಪ್ಪತ್ತು ಹೆಜ್ಜೆ ದೂರದಿಂದಲೇ ಗಿಡದ ಕುಟುಂಬ ಹೇಳಬಲ್ಲೆ ಎಂಬ ಹಮ್ಮು ನನಗೆ ಆಗ ಇತ್ತು. ವಿದ್ಯಾರ್ಥಿನಿಯರು ನನ್ನನ್ನು ಕಂಡರೆ ಹೆದರುತ್ತಿದ್ದರು. ನಿಜ ಹೇಳಬೇಕೆಂದರೆ ಅದೂ ನನಗೆ ಇಷ್ಟವಾಗಿಯೇ ಇತ್ತು.

ಆ ಮಾರ್ಚ್‌ನಲ್ಲಿ ರುದ್ರಪ್ಪನವರು ಕಾಲೇಜಿಗೆ ಬಂದರು. ಕೃಷ್ಣಮೂರ್ತಿಪುರಂನವರು, ನಿವೃತ್ತ ಎಂಜಿನಿಯರ್. ಹಣೆಯಲ್ಲಿ ಅಚ್ಚುಕಟ್ಟಾದ ವಿಭೂತಿ, ಕಂಕುಳಲ್ಲಿ ಒಂದು ಫೈಲು. ತಮ್ಮಂಥ ನಿವೃತ್ತರನ್ನು ಕೂಡಿಸಿಕೊಂಡು ಗಿಡ ನೆಡುವ ಒಂದು ಸಂಘ ಕಟ್ಟಿದ್ದರು. ಊರಿನಿಂದ ಒಂದೂವರೆ ಗಂಟೆ ದಾರಿಯ ಒಂದು ಗುಡ್ಡದ ನೆತ್ತಿಯಲ್ಲಿ ಅರವತ್ತು ಎಕರೆ ಹುಲ್ಲುಗಾವಲು ಇದೆ, ಮಳೆಗಾಲದಲ್ಲಿ ಅಷ್ಟಕ್ಕೂ ಸಸಿ ನೆಡಬೇಕು, ಅದಕ್ಕೆ ಮೊದಲು ಅಲ್ಲಿ ಏನೇನಿದೆಯೆಂದು ತಜ್ಞರ ವರದಿ ಬೇಕು ಎಂದರು. ಗುಡ್ಡದ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಕಾಡುಗಿಡಗಳ ಗೆಡ್ಡೆ ಕಿತ್ತು ಮಾರುವವರು ಇಂದಿಗೂ ಇದ್ದಾರೆ.

ಮುಂದಿನ ಶನಿವಾರ ಹೋದೆ. ಹುಲ್ಲು ಒಣಗಿ ಕಡ್ಡಿಯಾಗಿತ್ತು, ಅಲ್ಲಲ್ಲಿ ಬೆಂಕಿ ಬಿದ್ದು ನೆಲ ಕಪ್ಪಾಗಿತ್ತು. ಹಗ್ಗದಿಂದ ಒಂದು ಮೀಟರ್ ಉದ್ದಗಲದ ಚೌಕ ಮಾಡಿ, ಅದರೊಳಗಿನ ಗಿಡಗಳನ್ನು ಎಣಿಸುವುದು ನಮ್ಮ ಪದ್ಧತಿ. ಅದಕ್ಕೆ ಕ್ವಾಡ್ರಾಟ್ ಎಂದು ಹೆಸರು. ಹತ್ತು ಚೌಕ ಎಣಿಸಿದೆ. ಸಿಕ್ಕಿದ್ದು ಹದಿಮೂರು ಜಾತಿ, ಹೆಚ್ಚಿನವು ಹುಲ್ಲು. ಅಲ್ಲೇ ಮೇಕೆ ಮೇಯಿಸುತ್ತಿದ್ದ ಚಿಕ್ಕತಾಯಮ್ಮ ಎಂಬ ಹೆಂಗಸು ಬಂದು ನಿಂತರು.

"ಏನ್ ಉಡುಕ್ತಾ ಇದ್ದೀರವ್ವಾ?"

"ಹೂವಿನ ಗಿಡ ಏನಾದ್ರೂ ಇದೆಯಾ ಅಂತ."

"ಈಗೆಲ್ಲಿ ಬತ್ತದೆ? ಎಲ್ಲಾ ಒಳಗೆ ಮನೀಕಂಡವೆ. ಮಳೆ ಉಯ್ದ್ಮೇಲೆ ಬನ್ನಿ."

ನಕ್ಕು ಮತ್ತೆ ಎಣಿಕೆಗೆ ಬಗ್ಗಿದೆ. ಮಳೆಗಾಲದ ಗಿಡವನ್ನು ಮಳೆಗಾಲದಲ್ಲೇ ನೋಡಬೇಕೆಂದು ತರಗತಿಯಲ್ಲಿ ಪಾಠ ಮಾಡುತ್ತಿದ್ದವಳು ನಾನೇ. ಆದರೆ ಪರೀಕ್ಷೆಗಳು ಹತ್ತಿರವಿದ್ದವು, ರುದ್ರಪ್ಪನವರಿಗೆ ಅವಸರವಿತ್ತು, ನನ್ನ ಕಣ್ಣಿನ ಮೇಲೆ ನನಗೆ ಅತಿಯಾದ ನಂಬಿಕೆಯಿತ್ತು. ಎರಡು ಪುಟದ ವರದಿ ಬರೆದೆ. "ಕ್ಷೀಣಿಸಿದ ಬೋಳು ಹುಲ್ಲುಗಾವಲು. ಗಮನಾರ್ಹ ಸಸ್ಯಗಳಿಲ್ಲ. ಸಸಿ ನೆಡಲು ಅಡ್ಡಿಯಿಲ್ಲ." ಕೆಳಗೆ ನನ್ನ ಸಹಿ, ಕಾಲೇಜಿನ ಮೊಹರು. ಒಂದೇ ದಿನದಲ್ಲಿ ಕೆಲಸ ಮುಗಿಸಿದೆನೆಂದು ಸಹೋದ್ಯೋಗಿಗಳ ಮುಂದೆ ಜಂಬವನ್ನೂ ಕೊಚ್ಚಿಕೊಂಡೆ.

ಆಗಸ್ಟ್ ತಿಂಗಳ ಮೂರನೆಯ ಭಾನುವಾರ ಅಂತಿಮ ವರ್ಷದ ಹದಿನಾಲ್ಕು ವಿದ್ಯಾರ್ಥಿನಿಯರನ್ನು ಚಾರಣಕ್ಕೆ ಕರೆದೊಯ್ಯುವುದಿತ್ತು. ಚರ್ಚಿನಲ್ಲಿ ಬೆಳಗಿನ ಮೊದಲ ಪೂಜೆ ಮುಗಿಸಿ ಬಂದರೆ, ನಾವು ಹೋಗಬೇಕಿದ್ದ ದಾರಿಯಲ್ಲಿ ಹಳ್ಳ ತುಂಬಿ ಹರಿಯುತ್ತಿದೆ ಎಂದ ವ್ಯಾನಿನ ಡ್ರೈವರು. ಹಾಗಾದರೆ ಆ ಗುಡ್ಡಕ್ಕೇ ಹೋಗೋಣ, ಹೂವಿಲ್ಲದಿದ್ದರೂ ಹುಲ್ಲಿನ ಪಾಠವಾದರೂ ಆದೀತು ಎಂದೆ.

ಬುಡದ ಕುರುಚಲು ಕಾಡಿನಲ್ಲಿ ಅಗ್ನಿಶಿಖೆ ಪೊದೆಗಳ ಮೇಲೆ ಹಬ್ಬಿ ಅರಳಿತ್ತು. ಅದು ಎಲ್ಲ ಕಡೆ ಇರುವುದೇ ಎಂದು ದಾಟಿಕೊಂಡು ಹೋದೆ. ಮುಕ್ಕಾಲು ಗಂಟೆ ಹತ್ತಿದ ಮೇಲೆ ಮರಗಳು ಮುಗಿದು ನೆತ್ತಿ ಸಿಕ್ಕಿತು. ಮುಂದೆ ಹೋಗುತ್ತಿದ್ದ ಹುಡುಗಿಯರು ಥಟ್ಟನೆ ನಿಂತರು. ಹಿಂದಿನಿಂದ ಬಂದ ನಾನೂ ನಿಂತೆ.

ಮೊಣಕಾಲೆತ್ತರದ ಹಸಿರು ಹುಲ್ಲಿನಲ್ಲಿ, ಕಣ್ಣು ಹಾಯುವಷ್ಟು ದೂರ, ಬಿಳಿ ಹೂ ಹೊತ್ತ ದಂಟುಗಳು ನಿಂತಿದ್ದವು. ಹಬೆನೇರಿಯಾ, ನೆಲದಲ್ಲಿ ಬೆಳೆಯುವ ಆರ್ಕಿಡ್. ಅದುವರೆಗೆ ಐದಾರನ್ನು ಒಟ್ಟಿಗೆ ಕಂಡದ್ದೇ ನನ್ನ ಭಾಗ್ಯವಾಗಿತ್ತು. ಇಲ್ಲಿ ಎಣಿಸುತ್ತ ಹೋಗಿ ನಾನೂರಕ್ಕೆ ಕೈಬಿಟ್ಟೆ. ನೀರು ಜಿನುಗುವ ಬಂಡೆಯ ಮೇಲೆ ಯುಟ್ರಿಕ್ಯುಲೇರಿಯಾದ ಪುಟ್ಟ ನೀಲಿ ಹೂಗಳು, ಒಂದೊಂದೂ ಉದ್ದಿನ ಕಾಳಿಗಿಂತ ತುಸು ದೊಡ್ಡದು. ಎಲ್ಲ ಸೇರಿ ಬಂಡೆಯೇ ನೀಲಿಯಾಗಿತ್ತು. ಅದರ ಅಂಚಿನಲ್ಲಿ ಡ್ರೊಸೆರಾ, ಕೆಂಪು ಎಲೆಯ ಕೂದಲುಗಳ ತುದಿಯಲ್ಲಿ ಅಂಟು ಹನಿ ಹೊತ್ತು ಹುಳ ಹಿಡಿಯುವ ಗಿಡ. ಹುಲ್ಲಿಗೆ ಸುತ್ತಿಕೊಂಡು ಲಾಟೀನಿನಂಥ ಹೂ ಬಿಟ್ಟಿದ್ದ ಸಿರೊಪೀಜಿಯಾ ಬಳ್ಳಿಯದಂತೂ ನಮ್ಮ ಹರ್ಬೇರಿಯಂನಲ್ಲಿ ಒಂದು ಹಾಳೆಯೂ ಇರಲಿಲ್ಲ. ನಾನು ಸೀರೆಯನ್ನೂ ನೋಡದೆ ಕೆಸರಿನಲ್ಲಿ ಮಂಡಿಯೂರಿ ಕೂತೆ. ಅಷ್ಟೊಂದು ಚೆಲುವನ್ನು ಒಟ್ಟಿಗೆ ಕಂಡರೆ ಎದೆಯಲ್ಲಿ ಭಯವೂ ಹುಟ್ಟುತ್ತದೆ ಎಂದು ನನಗೆ ಅಂದು ಗೊತ್ತಾಯಿತು.

"ಮೇಡಂ, ಸ್ವಲ್ಪ ಈ ಕಡೆ ಬನ್ನಿ," ಎಂದು ನಾಗರತ್ನ ಎಂಬ ವಿದ್ಯಾರ್ಥಿನಿ ಕರೆದಳು.

ಪೂರ್ವದ ಅಂಚಿನ ಎರಡು ಎಕರೆಯಲ್ಲಿ ಸಾಲಾಗಿ ಗುಂಡಿ ತೋಡಿದ್ದರು. ಸಸಿ ನೆಡುವ ಸಮಾರಂಭ ಮುಂದಿನ ಭಾನುವಾರ ಇತ್ತು. ಮಣ್ಣಿನ ಗುಡ್ಡೆಗಳ ಮೇಲೆ ಹಬೆನೇರಿಯಾ ಗಿಡಗಳು ಅಡ್ಡ ಬಿದ್ದಿದ್ದವು. ಹೂ ಇನ್ನೂ ಬಾಡಿರಲಿಲ್ಲ. ಒಂದನ್ನು ಎತ್ತಿಕೊಂಡೆ. ಬುಡದಲ್ಲಿ ಎರಡು ಗೆಡ್ಡೆ. ಈ ವರ್ಷದ ಹೂವನ್ನು ಸಾಕಿ ಸುಕ್ಕಾದದ್ದು ಒಂದು, ಮುಂದಿನ ವರ್ಷಕ್ಕೆಂದು ತುಂಬಿಕೊಳ್ಳುತ್ತಿದ್ದದ್ದು ಇನ್ನೊಂದು. ಮಾರ್ಚ್‌ನಲ್ಲಿ ನಾನು ಹಗ್ಗ ಹಿಡಿದು ನಿಂತಿದ್ದಾಗ ಇಂಥವು ನನ್ನ ಚಪ್ಪಲಿಯ ನಾಲ್ಕು ಬೆರಳು ಕೆಳಗೇ ಇದ್ದವು. ಇನ್ನು ಸಸಿ ಬೆಳೆದು ನೆರಳು ಕವಿದರೆ, ಬಿಸಿಲನ್ನೇ ನಂಬಿದ ಈ ಗಿಡಗಳು ಅರವತ್ತು ಎಕರೆಯಲ್ಲೂ ಉಳಿಯುವುದಿಲ್ಲ.

ಪಕ್ಕದಲ್ಲಿ ಸಂಘದ ಫಲಕವಿತ್ತು: ಬೋಳುಗುಡ್ಡಕ್ಕೆ ಹಸಿರು ಹೊದಿಕೆ.

"ಇದನ್ನ ಬೋಳುಗುಡ್ಡ ಅಂತ ಯಾರು ಹೇಳಿದ್ದು ಮೇಡಂ?" ನಾಗರತ್ನ ಕೇಳಿದಳು.

"ನಾನೇ," ಎಂದೆ. ಹದಿನಾಲ್ಕು ಜನರಲ್ಲಿ ಒಬ್ಬಳೂ ನನ್ನ ಮುಖ ನೋಡಲಿಲ್ಲ.

ಸೋಮವಾರ ಸಂಜೆ ರುದ್ರಪ್ಪನವರ ಮನೆಗೆ ಹೋದೆ. ಅವರು ಕಾಫಿ ಕೊಡಿಸಿ, ನನ್ನ ಮಾತನ್ನೆಲ್ಲ ಕೇಳಿ, ಫೈಲಿನಿಂದ ನನ್ನದೇ ವರದಿ ತೆಗೆದು ಮುಂದಿಟ್ಟರು.

"ಏನ್ ಮೇಡಂ ಇದು? ಚಪ್ಪರ ಹಾಕಿ, ನೆಂಟ್ರೆಲ್ಲ ಬಂದ್ಮೇಲೆ ಜಾತಕ ಕೂಡಲ್ಲ ಅಂತೀರಲ್ಲ. ಸಸಿ ಬಂದು ಕೂತ್ಬುಟ್ಟಿವೆ. ಸ್ವಾಮಿಗಳಿಗೆ ಬೇರೆ ಹೇಳ್ಬುಟ್ಟಿದ್ದೀನಿ."

"ನಾಳೆ ನನ್ನ ಜೊತೆ ಒಂದ್ಸಲ ಬನ್ನಿ ಸರ್. ನೋಡಿದ್ಮೇಲೂ ನೆಡಬೇಕು ಅನ್ಸಿದ್ರೆ ಮೊದಲ್ನೇ ಸಸಿ ನಾನೇ ನೆಡ್ತೀನಿ."

ಮನಸ್ಸಿಲ್ಲದ ಮನಸ್ಸಿನಿಂದ ಬಂದರು. ಛತ್ರಿ ಊರಿಕೊಂಡು, ಏದುಸಿರು ಬಿಡುತ್ತ, ದಾರಿಯುದ್ದಕ್ಕೂ ಗೊಣಗುತ್ತ ಹತ್ತಿದರು. ನೆತ್ತಿಯ ಅಂಚಿಗೆ ಬಂದವರು ಒಂದು ಕಾಲು ಎತ್ತಿ, ಮತ್ತೆ ಹಿಂದಕ್ಕೇ ಇಟ್ಟರು.

"ಇದ್ರಲ್ಲಿ ಕಾಲೆಲ್ಲಿ ಇಡೋದು ಮೇಡಂ?" ಎಂದರು.

ಇಳಿಯುವಾಗ ಅವರೇ ಹೇಳಿದರು: "ನಾನು ಹೇಳಿದ್ರೆ ಸಂಘದ ಸಮಿತಿಯವರು ಒಪ್ಪಲ್ಲ ಕಣ್ರೀ. ವರದಿ ಬರೆದವರೇ ಬಂದು ಹೇಳ್ಬೇಕು."

ನಾನು ಹೊಸ ವರದಿ ಕೊಡುವುದು ಕಾಲೇಜಿನ ಪ್ರಾಂಶುಪಾಲರಿಗೆ ಹಿಡಿಸಲಿಲ್ಲ. "ಹಳೇದ್ರ ಮೇಲೆ ಕಾಲೇಜಿನ ಮೊಹರಿದೆ ಸ್ಟೆಲ್ಲಾ ಅವರೇ, ಸ್ವಲ್ಪ ನಾಜೂಕಾಗಿ ಬರೀರಿ," ಎಂದರು. ಬರೆದೆ. "ಹೊಸ ಮಾಹಿತಿ ಲಭ್ಯವಾದ ಕಾರಣ" ಎಂದು ಶುರುವಾಗುತ್ತಿತ್ತು. ಓದಿ ನೋಡಿದೆ. ಹೊಸದೇನೂ ಲಭ್ಯವಾಗಿರಲಿಲ್ಲ; ಮಳೆ ಬಿದ್ದಾಗಲೆಲ್ಲ ಅಲ್ಲಿ ಹೂ ಬರುತ್ತಲೇ ಇತ್ತು. ಹರಿದು ಹಾಕಿ, "ಮಾರ್ಚ್‌ನಲ್ಲಿ ನಾನು ಕೊಟ್ಟ ವರದಿ ತಪ್ಪು" ಎಂದು ಆರಂಭಿಸಿದೆ. ಶುಕ್ರವಾರ ಅದನ್ನು ಇಪ್ಪತ್ತೆರಡು ಜನರ ಸಮಿತಿಯ ಮುಂದೆ ನಿಂತು ಓದಿದೆ.

"ಆ ವರದಿ ತಪ್ಪಾದ್ರೆ, ಇದನ್ನ ಹೆಂಗೆ ನಂಬೋದು?" ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

"ನಂಬಬೇಡಿ ಸರ್. ಹೋಗಿ ನೋಡಿ," ಎಂದೆ.

ಶನಿವಾರ ಆರು ಜನ ಹೋಗಿ ನೋಡಿ ಬಂದರು. ಭಾನುವಾರ ಸಸಿಗಳೆಲ್ಲ ಕೆಳಗಿನ ಊರಿನ ಕೆರೆ ಏರಿಗೂ ಶಾಲೆಯ ಅಂಗಳಕ್ಕೂ ಹೋದವು. ಸ್ವಾಮಿಗಳು ಅಲ್ಲೇ ಆಶೀರ್ವಚನ ಮಾಡಿದರು.

ಅರವತ್ತರಲ್ಲಿ ಐವತ್ತೆಂಟು ಎಕರೆ ಉಳಿಯಿತು. ಅಗೆದಿದ್ದ ಎರಡು ಎಕರೆಯಲ್ಲಿ ನಾನೂ ಹುಡುಗಿಯರೂ ಸೇರಿ ಸಿಕ್ಕ ಸುಮಾರು ಮುನ್ನೂರು ಗೆಡ್ಡೆಗಳನ್ನು ಮಣ್ಣಿಗೆ ಸೇರಿಸಿ ಗುಂಡಿ ಮುಚ್ಚಿದೆವು. ಮುಂದಿನ ಆಗಸ್ಟ್‌ನಲ್ಲಿ ಹೂ ಬಿಟ್ಟದ್ದು ಒಂಬತ್ತು. ಅದರ ಮರುವರ್ಷ ನಾಲ್ಕು. ಹಬೆನೇರಿಯಾದ ಬೀಜ ಧೂಳಿನಷ್ಟು ಸಣ್ಣದು. ಮಣ್ಣಿನೊಳಗಿನ ಒಂದು ಶಿಲೀಂಧ್ರದ ಆಸರೆಯಿಲ್ಲದೆ ಅದು ಮೊಳೆಯುವುದಿಲ್ಲ. ಅಗೆದು ಮಗುಚಿದ ಮಣ್ಣಿನಲ್ಲಿ ಆ ನಂಟು ಮತ್ತೆ ಕೂಡಲಿಲ್ಲ.

ಆಮೇಲಿನ ನನ್ನ ವರದಿಗಳೆಲ್ಲ ನೋಡಿದ ತಿಂಗಳನ್ನು ಬರೆದೇ ಶುರುವಾದವು. ಎರಡು ಋತು ಕಾಣದ ನೆಲದ ಬಗ್ಗೆ ಯಾರೆಷ್ಟು ಅವಸರ ಮಾಡಿದರೂ ತೀರ್ಪು ಕೊಡಲಿಲ್ಲ. ಅಲ್ಲಿಯವರನ್ನು ಕೇಳದೆ ಪೆನ್ನು ತೆರೆಯಲಿಲ್ಲ.

2007ರಲ್ಲಿ ನಿವೃತ್ತಳಾಗುವವರೆಗೆ ಪ್ರತಿ ಆಗಸ್ಟ್‌ನಲ್ಲೂ ವಿದ್ಯಾರ್ಥಿನಿಯರನ್ನು ಆ ಗುಡ್ಡಕ್ಕೆ ಕರೆದೊಯ್ದೆ. ಮೊದಲು ಹೂಗಳ ನಡುವೆ ಬೇಕಾದಷ್ಟು ಹೊತ್ತು ಸುಮ್ಮನೆ ನಿಲ್ಲಲು ಬಿಡುತ್ತಿದ್ದೆ. ಆಮೇಲೆ ಪೂರ್ವದ ಅಂಚಿಗೆ ಬರುತ್ತಿದ್ದೆವು. ಅಲ್ಲಿ ಹುಲ್ಲು ಎಂದಿನಂತೆ ಬೆಳೆದಿರುತ್ತಿತ್ತು, ಹೂ ಮಾತ್ರ ಗೆರೆ ಎಳೆದ ಹಾಗೆ ನಿಂತುಹೋಗಿರುತ್ತಿತ್ತು. ಪ್ರತಿ ತಂಡದಲ್ಲೂ ಯಾರಾದರೊಬ್ಬಳು ಕೇಳಿಯೇ ಕೇಳುತ್ತಿದ್ದಳು, "ಇಲ್ಲಿ ಯಾಕೆ ಏನೂ ಇಲ್ಲ ಮೇಡಂ?"

"ಇದು ನನ್ನ ಸಹಿ ಕಣಮ್ಮ," ಎನ್ನುತ್ತಿದ್ದೆ.