ಹತ್ತು ದಿನದ ಗಡುವು

ಕೊರೋನಾದ ಭಯ ಕಳೆದ ಮೇಲಿನ ಚಳಿಗಾಲದಲ್ಲಿ ಅಮ್ಮ ಅಮೆರಿಕದ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಿದ್ದಳು. ಆರನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್: ಯಾವುದಾದರೊಂದು ದೇಶದ ನಾಯಕರ ಬಗ್ಗೆ ಐದು ನಿಮಿಷ ಮಾತಾಡಬೇಕು. ಚೀಟಿ ಎತ್ತಿದಾಗ ಅವಳಿಗೆ ಸಿಕ್ಕಿದ್ದು ಸ್ವೀಡನ್ನಿನ ಮಹಿಳಾ ಪ್ರಧಾನಿ. ಭಾನುವಾರ ಮಧ್ಯಾಹ್ನ, ಅಭ್ಯಾಸಕ್ಕೆ ಕೇಳುಗರು ಬೇಕೆಂದು ಅಜ್ಜಿಯನ್ನು ಸೋಫಾದಲ್ಲಿ ಕೂರಿಸಿದಳು. ನಾನು ಊಟದ ಮೇಜಿನ ಮೇಲೆ ಹುರುಳಿಕಾಯಿ ಹೆಚ್ಚುತ್ತಿದ್ದೆ.

ಅಮ್ಮ ಕೂಡ ಒಂದು ಕಾಲದಲ್ಲಿ ಮಂಡ್ಯದ ಕಡೆಯ ನಮ್ಮೂರಿನ ಗ್ರಾಮ ಪಂಚಾಯ್ತಿ ಅಧ್ಯಕ್ಷೆ. ಅದು ನಮ್ಮ ಮನೆಯಲ್ಲಿ ತಮಾಷೆಯ ಸರಕು. ಸಾರಿಗೆ ಉಪ್ಪು ಹೆಚ್ಚಾದರೆ ‘ಅಧ್ಯಕ್ಷರ ಆದೇಶ, ಸುಮ್ಮನೆ ತಿನ್ನಿ’ ಎಂದು ನಾನೇ ರೇಗಿಸುತ್ತಿದ್ದೆ. ಅವಧಿ ಮುಗಿದ ಮೇಲೆ ನನ್ನ ಬಾಣಂತನಕ್ಕೆ ಬಂದಳು ಎಂದು ಹನ್ನೊಂದು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಅವಳೇ ಹಾಗೆ ಹೇಳಿದ್ದಳು.

ಮಗಳು ಶುರು ಮಾಡಿದಳು. “ಅಜ್ಜಿ, ಫಸ್ಟ್ ಅವ್ರು ಫೈನಾನ್ಸ್ ಮಿನಿಸ್ಟರ್. ಆಮೇಲೆ ಪ್ರೈಮ್ ಮಿನಿಸ್ಟರ್ ಆದ್ರು. ಬಟ್ ಸೇಮ್ ಡೇ ರಿಸೈನ್ ಮಾಡಿದ್ರು.”

“ಯಾಕಂತೆ?”

“ಅವ್ರ ಬಜೆಟ್ ಪಾಸ್ ಆಗಿಲ್ಲ. ಜೊತೆಗಿದ್ದ ಪಾರ್ಟಿ ಬಿಟ್ಟು ಹೋಯ್ತು. ಬಟ್ ಒಂದ್ ವೀಕ್ ಒಳಗೆ ಮತ್ತೆ ವೋಟ್ ಮಾಡಿದ್ರು, ಶಿ ಕೇಮ್ ಬ್ಯಾಕ್.”

ಅಮ್ಮ ಮುಂದಕ್ಕೆ ಬಾಗಿದಳು. “ಪರವಾಗಿಲ್ಲ ಆಯಮ್ಮ. ನಮ್ಮಲ್ಲಿ ಹತ್ತು ದಿನ ಟೈಮ್ ಕೊಡ್ತಾರೆ. ಅಷ್ಟರೊಳಗೆ ರಾಜೀನಾಮೆ ವಾಪಸ್ ತಗೊಂಡ್ರೆ ಕುರ್ಚಿ ನಮ್ದೇ.”

ನಾನು ಚಾಕು ಕೆಳಗಿಟ್ಟೆ. “ನೀನು ರಾಜೀನಾಮೆ ಕೊಟ್ಟಿದ್ಯಾ? ಅವಧಿ ಮುಗೀತು ಅಂದಿದ್ಯಲ್ಲಮ್ಮ?”

“ಇನ್ನೂ ಒಂದೂವರೆ ವರ್ಷ ಇತ್ತು. ಆರು ತಿಂಗಳು ಪಂಚಾಯ್ತಿ ಬಿಟ್ಟು ಇಲ್ಲಿ ಬಂದು ಕೂರಕ್ಕಾಗತ್ತಾ? ಬರ್ಕೊಟ್ಟೆ.”

“ದೆನ್ ವೈ ವಾಪಸ್ ತಗೊಂಡಿಲ್ಲ?” ಮಗಳು ಕೇಳಿದಳು.

“ತಗೊಳ್ಳೋಣ ಅಂತ್ಲೇ ಒಂಬತ್ತನೇ ದಿನ ಸೀರೆ ಉಟ್ಟು ರೆಡಿಯಾಗಿದ್ದೆ ಕಣೆ. ರಾಜೀನಾಮೆ ಕೊಟ್ಟ ಆಫೀಸಿಗೆ ಹೋಗೋಕೆ ಬಸ್ಸಿಗೆ ಹೊರಡ್ಬೇಕು, ಅಷ್ಟೊತ್ತಿಗೆ ನಿಮ್ಮಮ್ಮನ ಫೋನ್ ಬಂತು.”

ಆ ಫೋನು ನನಗೂ ನೆನಪಿದೆ. ಟಿಕೆಟ್ ಬುಕ್ ಆಯಿತೆಂಬ ಸಂಭ್ರಮದಲ್ಲಿ ಅರ್ಧ ಗಂಟೆ ನಾನೊಬ್ಬಳೇ ಮಾತಾಡಿದ್ದೆ. ಬಜೆ, ಓಮ, ಒಣಶುಂಠಿ, ಮಗುವಿಗೆ ಸುತ್ತಲು ಹಳೆಯ ಪಂಚೆ, ಹೀಗೆ ತರಬೇಕಾದ್ದನ್ನೆಲ್ಲ ಒಂದೊಂದಾಗಿ ಬರೆಸಿದ್ದೆ. ಪಂಚಾಯ್ತಿಯ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೂ ಹೇಳುತ್ತಿದ್ದಳೋ ಇಲ್ಲವೋ, ನಾನಂತೂ ಕೇಳಲಿಲ್ಲ. ಈಗ ಕೂತಲ್ಲೇ ನಾಚಿಕೆಯಾಯಿತು.

“ಹೇಳ್ಬಾರ್ದಿತ್ತಾ ಅಮ್ಮ? ಅತ್ತೇನ ಕರೆಸ್ಕೋತಿದ್ದೆ.”

“ಅಷ್ಟು ಖುಷಿಯಾಗಿ ಮಾತಾಡ್ತಿದ್ದೆ. ಏನಂತ ಹೇಳ್ಲಿ?” ಎಂದವಳು ಮೊಮ್ಮಗಳ ಕಡೆ ತಿರುಗಿದಳು. “ನೀನು ಮುಂದೆ ಓದು. ಆಮೇಲೆ ಏನಾಯ್ತು ಆಯಮ್ಮಂಗೆ?”

“ನೆಕ್ಸ್ಟ್ ಎಲೆಕ್ಷನ್ ಬಂತು. ಅವ್ರ ಸೈಡ್ ಸೋತ್ರು. ಅವ್ರು ಸ್ಟೆಪ್ ಡೌನ್ ಮಾಡಿದ್ರು. ದಟ್ಸ್ ಇಟ್, ಅಜ್ಜಿ.” ಕೊನೆ ಸಪ್ಪೆಯಾಯಿತೆಂದು ಅವಳಿಗೇ ಬೇಸರ.

“ಅದಕ್ಯಾಕೆ ಬೇಜಾರು?” ಎಂದಳು ಅಮ್ಮ. “ಆಯಮ್ಮ ಸೋತು ತಾನೆ ಇಳಿದಿದ್ದು, ಗೆದ್ದ ಕುರ್ಚಿ ಬಿಟ್ಟಲ್ವಲ್ಲ.”

ನಾನು ಎದ್ದು ಹೋಗಿ ಅಮ್ಮನ ಪಕ್ಕ ಕೂತೆ. ಪಂಚಾಯ್ತಿಯಲ್ಲಿ ಏನೇನು ಮಾಡಿದೆ ಎಂದು ಮೊದಲ ಸಲ ಕೇಳಿದೆ. ಅವಳು ಅಂಗನವಾಡಿಯ ಸೋರುವ ಹೆಂಚಿನಿಂದ ಶುರು ಮಾಡಿದಳು.