ಹೂವು ಕೇಳಲು ಹೋದದ್ದು

ಅವ್ವನ ಎದೆಯಲ್ಲಿ ಗಂಟಿದೆ, ತಡ ಮಾಡದೆ ತೆಗೆಸಬೇಕು ಎಂದು ಡಾಕ್ಟರು ಹೇಳಿಯಾಗಿತ್ತು. ಸೋಮವಾರ ಆಸ್ಪತ್ರೆಗೆ ಸೇರಬೇಕು. ಅವ್ವ ಮಾತ್ರ, "ತವರಿನ ಹಣಮಪ್ಪಗ ಹೂವು ಕೇಳಲಾರದ ನಾ ಎಲ್ಲೂ ಬರಂಗಿಲ್ಲ" ಎಂದು ಹಟ ಹಿಡಿದಳು. ನಾನು ಕಿರುಚಾಡಿದೆ. ಗೋಡೆಗೆ ಹೇಳಿದಂತಾಯಿತು. ಕೊನೆಗೆ ಕೆಲಸಕ್ಕೆ ರಜೆ ಹಾಕಿ, ತಾಂಡೂರಿನಿಂದ ಜಹೀರಾಬಾದಿಗೆ ಕರೆತಂದು, ನಾರಾಯಣಖೇಡದ ಬಸ್ಸಿಗೆ ಕಾದು ಕೂತೆ.

ಬಸ್ ಸ್ಟ್ಯಾಂಡಿನ ಬಂಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ನನ್ನ ಹೊಟ್ಟೆ ಚುರುಗುಟ್ಟಿತು. ಹೂವು ಕೇಳುವವರು ಅದು ಮುಗಿಯುವವರೆಗೆ ಬಾಯಿಗೆ ನೀರೂ ಹಾಕುವಂತಿಲ್ಲ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಅವಳನ್ನು ಬಿಟ್ಟು ತಿನ್ನಲು ಮನಸ್ಸಾಗಲಿಲ್ಲ. ಸಿಟ್ಟು ಮಾತ್ರ ಇಳಿಯಲಿಲ್ಲ.

ಅವ್ವನ ತವರಿನ ಗುಡಿಯಲ್ಲಿ ಪೂಜಾರಿ ಫ್ಯಾನ್ ಆರಿಸಿದರು. ದೇವರ ಎರಡೂ ಭುಜಕ್ಕೆ ಒದ್ದೆ ಕಣಗಿಲೆ ಹೂವು ಅಂಟಿಸಿ, "ಮನಸ್ನ್ಯಾಗ ಕೇಳ್ರಿ ಅವ್ವಾರೇ, ಯಾರ ಮುಂದೂ ಹೇಳಬ್ಯಾಡ್ರಿ. ಬಲಕ್ಕ ಬಿದ್ರ ಹೂಂ, ಎಡಕ್ಕ ಬಿದ್ರ ಉಹೂಂ" ಎಂದರು.

ಅವ್ವ ಕಣ್ಣು ಮುಚ್ಚಿದಳು. ನಾನು ಮುಚ್ಚಲಿಲ್ಲ. ಇಂಥದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಬಲಭುಜದ ಹೂವನ್ನು ನುಂಗುವಂತೆ ನೋಡುತ್ತಿದ್ದೆ. ಬೀಳಪ್ಪಾ, ಬೀಳು. ಅದು ಅಲ್ಲಾಡಲಿಲ್ಲ. ನಮ್ಮ ಹಿಂದೆ ತೆಂಗಿನಕಾಯಿ ಹಿಡಿದು ನಿಂತವರೂ ಕತ್ತು ಚಾಚಿದ್ದರು. ನೀರಿನ ಹನಿಯೊಂದು ಇಳಿಯಿತು. ಆಮೇಲೆ ಎಡಗಡೆಯ ಹೂವು ಜಾರಿ ಪಾದದ ಹತ್ತಿರ ಬಿತ್ತು.

ಅವ್ವ ಹೂವನ್ನು ಕಣ್ಣಿಗೊತ್ತಿಕೊಂಡು ಹೊರಗೆ ನಡೆದಳು. ನಾನು ಹಿಂದೆಯೇ ಓಡಿ, "ಒಂದು ಹೂವಿನ ಮಾತು ಕೇಳಿ ಸಾಯ್ತೀ ಏನು? ಸೋಮವಾರ ನಿನ್ನ ಹೊತ್ಕೊಂಡಾದ್ರೂ ಒಯ್ತೀನಿ" ಎಂದು ಬೀದಿಯಲ್ಲೇ ಕೂಗಿದೆ. ಕೂಗುತ್ತಲೇ ಅಳು ಬಂತು. ಹೂವಿನ ಅಂಗಡಿಯವರು ತಲೆಯೆತ್ತಿ ನೋಡಿದರು.

ಅವ್ವ ಎದುರಿನ ಬಂಡಿಯಿಂದ ಒಗ್ಗರಣೆ ಮಂಡಕ್ಕಿ ಕೊಂಡು ಒಂದು ಪೊಟ್ಟಣ ನನ್ನ ಕೈಗಿಟ್ಟಳು.

"ಮದಲ ತಿನ್ನು. ಸೋಮವಾರ ಹೋಗೂಣು."

"ಎಡಕ್ಕ ಬಿತ್ತಲ್ಲ?"

"ಕೊಯ್ಯಿಸ್ಕೊಳ್ಳಲಾರದ ಬದುಕ್ತೀನೇನಪ್ಪಾ ಅಂತ ಕೇಳಿದ್ದೆ. ಇಲ್ಲ ಅಂದ." ಅವಳು ತನ್ನ ಪೊಟ್ಟಣ ಬಿಚ್ಚಿದಳು. "ಬಲಕ್ಕ ಬೀಳ್ಲಿ ಅಂತ ಭಾಳ ಬೇಡ್ಕೊಂಡಿದ್ದೆ ಯವ್ವಾ."

ಅವಳ ಪಕ್ಕದಲ್ಲೇ ನಿಂತು ನಾನೂ ಅದನ್ನೇ ಬೇಡಿಕೊಂಡಿದ್ದೆ.